‘ಎಲೀಟ್’ ಆಟ: ಮರಳಿ ಹುಟ್ಟುವ ಆಕಾಶ, ಮರಳಿ ಬಾರದ ಪಯಣ

1984ರ ಸೆಪ್ಟೆಂಬರಿನಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ನಗರದ ಏಕಾರ್ನ್‌ಸಾಫ್ಟ್ ಸಂಸ್ಥೆಯು ‘ಎಲೀಟ್’ ಎಂಬ ಕಂಪ್ಯೂಟರ್ ಆಟವನ್ನು ಪ್ರಕಟಿಸಿತು. ಅದನ್ನು ರಚಿಸಿದವರು ಇಯಾನ್ ಬೆಲ್ ಮತ್ತು ಡೇವಿಡ್ ಬ್ರೇಬೆನ್. ಕೇಂಬ್ರಿಜ್ ವಿಶ್ವವಿದ್ಯಾಲಯದ ಜೀಸಸ್ ಕಾಲೇಜಿನಲ್ಲಿ ವಿದ್ಯಾರ್ಥಿಗಳಾಗಿದ್ದಾಗ ಅವರು ಕೈಗೊಂಡ ಕೆಲಸವಿದು. ಮೇಲ್ನೋಟಕ್ಕೆ ಇದು ಗಗನನೌಕೆಯೊಳಗೆ ಕುಳಿತು ಎದುರಾಳಿ ನೌಕೆಗಳನ್ನು ಹೊಡೆದುರುಳಿಸುವ ಆಟ. ಆದರೆ ಇದನ್ನೊಂದು ಪಠ್ಯವೆಂದು ಭಾವಿಸಿ ಪರಿಶೀಲಿಸಿದರೆ, ಸಾಹಿತ್ಯ ವಿದ್ಯಾರ್ಥಿಗಳಿಗೂ ಹಸ್ತಪ್ರತಿಗಳೊಡನೆ ವ್ಯವಹರಿಸುವ ಸಂಶೋಧಕರಿಗೂ ಪರಿಚಿತವಾದ ಪ್ರಶ್ನೆಯೊಂದು ಎದುರಾಗುತ್ತದೆ: ಬರೆದಿಡದೆಯೂ ಉಳಿಯುವುದು ಯಾವುದು, ಬರೆದಿಟ್ಟರೂ ಅಳಿಯುವುದು ಯಾವುದು?

ಇದಕ್ಕೆ ಹಿಂದಿನ ಗಗನಯುದ್ಧದ ಆಟಗಳ ಸ್ವರೂಪವನ್ನು ಮೊದಲು ಗಮನಿಸಬೇಕು. 1978ರಲ್ಲಿ ಜಪಾನಿನ ಟೈಟೊ ಸಂಸ್ಥೆ ಹೊರತಂದ ‘ಸ್ಪೇಸ್ ಇನ್ವೇಡರ್ಸ್’ ಆಟ ಅಂಗಡಿ, ಹೋಟೆಲು, ಜೂಜುಕಟ್ಟೆಗಳಲ್ಲಿ ನಾಣ್ಯ ಹಾಕಿ ಆಡುವ ಯಂತ್ರವಾಗಿತ್ತು. ನಾಣ್ಯವೇ ಅದರ ಲಕ್ಷಣಗಳನ್ನು ನಿರ್ಧರಿಸಿತು. ಆಟಗಾರನಿಗೆ ಎಣಿಸಿದಷ್ಟು ಜೀವಗಳು, ಪರದೆಯ ಮೇಲೆ ಏರುತ್ತಲೇ ಇರುವ ಅಂಕಗಳು, ಕೆಲವೇ ನಿಮಿಷಗಳಲ್ಲಿ ಸಾವು. ಆಟಗಾರ ಸತ್ತರಷ್ಟೇ ಮುಂದಿನ ನಾಣ್ಯ ಬೀಳುತ್ತದೆ. ಮನೆಗಳಿಗೆ ಕಂಪ್ಯೂಟರ್ ಬಂದ ಮೇಲೆ ನಾಣ್ಯದ ಅಗತ್ಯ ಇಲ್ಲವಾಯಿತಾದರೂ ನಾಣ್ಯ ರೂಪಿಸಿದ ಆ ಲಕ್ಷಣಗಳು ಹಾಗೆಯೇ ಉಳಿದುಕೊಂಡವು. ‘ಎಲೀಟ್’ನ ಕರ್ತೃಗಳು ತಮ್ಮ ಆಟವನ್ನು ಮೊದಲು ಒಯ್ದು ತೋರಿಸಿದ ಪ್ರಕಾಶಕರು, ಮೂರು ಜೀವಗಳಿಲ್ಲ, ಅಂಕಗಳಿಲ್ಲ, ಹತ್ತು ನಿಮಿಷದಲ್ಲಿ ಮುಗಿಯುವುದಿಲ್ಲ ಎಂಬ ಕಾರಣಗಳಿಂದ ಅದನ್ನು ನಿರಾಕರಿಸಿದರು. ಪ್ರಕಾರವೊಂದು ರೂಢಿಯಾದ ಮೇಲೆ ಅದರ ಕಟ್ಟುಪಾಡುಗಳೇ ಅದರ ಜೀವವೆಂದು ತಿಳಿಯುವುದು ಸಾಹಿತ್ಯದ ಚರಿತ್ರೆಯಲ್ಲಿಯೂ ಅಪರೂಪವಲ್ಲ.

ಈ ಆಟ ನಡೆಯುತ್ತಿದ್ದ ಯಂತ್ರ ಬಿಬಿಸಿ ಮೈಕ್ರೋ. ಬ್ರಿಟಿಷ್ ಪ್ರಸಾರ ಸಂಸ್ಥೆಯ ಕಂಪ್ಯೂಟರ್ ಸಾಕ್ಷರತಾ ಯೋಜನೆಗಾಗಿ ಏಕಾರ್ನ್ ಕಂಪನಿ 1981ರಲ್ಲಿ ಸಿದ್ಧಪಡಿಸಿದ, ಕೀಲಿಮಣೆಯೊಳಗೇ ಸಮಸ್ತವನ್ನೂ ಅಡಗಿಸಿಕೊಂಡಿದ್ದ ಮನೆಬಳಕೆಯ ಕಂಪ್ಯೂಟರ್ ಅದು. ಭಾರತದಲ್ಲಿ 1984ರಲ್ಲಿ ಪ್ರಾರಂಭವಾದ ಶಾಲಾ ಕಂಪ್ಯೂಟರ್ ಶಿಕ್ಷಣದ ‘ಕ್ಲಾಸ್’ ಯೋಜನೆಗೂ ಇದೇ ಯಂತ್ರ ಆಯ್ಕೆಯಾಗಿತ್ತು. ಹೀಗಾಗಿ ಅಂದಿನ ಕೆಲವು ಶಾಲೆಗಳಲ್ಲಿ ಕಲಿತವರಿಗೆ ಅದರ ಕೆಂಪು ಕೀಲಿಗಳು ಇಂದಿಗೂ ನೆನಪಿನಲ್ಲಿರಬಹುದು. ಅದರ ಸ್ಮರಣಕೋಶದ ಗಾತ್ರ 32 ಕಿಲೋಬೈಟ್. ಪರದೆಯ ಚಿತ್ರಕ್ಕೂ ಯಂತ್ರದ ಆಂತರಿಕ ವ್ಯವಹಾರಕ್ಕೂ ಬೇಕಾದುದನ್ನು ಕಳೆದರೆ ಕರ್ತೃಗಳ ಪಾಲಿಗೆ ಉಳಿದದ್ದು 20 ಕಿಲೋಬೈಟಿನ ಆಸುಪಾಸು. ಇಂದು ಕೈಫೋನಿನಲ್ಲಿ ತೆಗೆಯುವ ಒಂದು ಸಾಧಾರಣ ಛಾಯಾಚಿತ್ರಕ್ಕೆ ಇದರ ನೂರುಪಟ್ಟು ಸ್ಥಳ ಬೇಕಾಗುತ್ತದೆ.

ಆಟದ ಅನುಭವ ಕಾಯುವುದರಿಂದಲೇ ತೊಡಗುತ್ತದೆ. ಕ್ಯಾಸೆಟ್ ಕರ್ಕಶವಾಗಿ ಕಿರುಗುಟ್ಟುತ್ತ ಕೆಲವು ನಿಮಿಷ ತಿರುಗಿದ ಮೇಲೆ ಕಪ್ಪು ಪರದೆಯಲ್ಲಿ ಬಿಳಿಯ ಗೆರೆಗಳಿಂದಲೇ ರಚಿತವಾದ ನೌಕೆಯೊಂದು ಮೆಲ್ಲನೆ ಹೊರಳುತ್ತ ಕಾಣಿಸಿಕೊಳ್ಳುತ್ತದೆ. ಅದಕ್ಕೆ ಮೈಯಿಲ್ಲ, ಬಣ್ಣವಿಲ್ಲ, ಅಂಚುಗಳು ಮಾತ್ರ ಇವೆ. ಆದರೂ ಹಿಂಬದಿಯ ಗೆರೆಗಳನ್ನು ಅಳಿಸುವ ಲೆಕ್ಕಾಚಾರದಿಂದಾಗಿ ಅದು ಘನವಸ್ತುವೆಂದೇ ತೋರುತ್ತದೆ. ಆಟಗಾರ ಲಾವೆ ಎಂಬ ಗ್ರಹದ ಬಳಿಯ ನಿಲ್ದಾಣದಲ್ಲಿ 100 ಕ್ರೆಡಿಟ್ ಹಣ, ಒಂದು ಲೇಸರ್, ಮೂರು ಕ್ಷಿಪಣಿಗಳೊಡನೆ ತನ್ನ ಬದುಕನ್ನು ಆರಂಭಿಸುತ್ತಾನೆ. ಆಡಳಿತ ಆಟಕ್ಕೆ ಕೊಟ್ಟ ಗುರಿ ಯಾವುದೂ ಇಲ್ಲ. ಕೃಷಿಪ್ರಧಾನ ಗ್ರಹದಲ್ಲಿ ಅಗ್ಗವಾಗಿ ಸಿಗುವ ಆಹಾರವನ್ನು ಕೊಂಡು ಕೈಗಾರಿಕಾ ಗ್ರಹದಲ್ಲಿ ಮಾರಬಹುದು, ಅಲ್ಲಿಂದ ಯಂತ್ರಗಳನ್ನು ತುಂಬಿಕೊಂಡು ಮರಳಬಹುದು. ಒಮ್ಮೆ ತುಂಬಿದ ಇಂಧನದಲ್ಲಿ ಕ್ರಮಿಸಬಹುದಾದ ದೂರ ಏಳು ಜ್ಯೋತಿರ್ವರ್ಷ. ದಾರಿಯಲ್ಲಿ ದರೋಡೆಕೋರರಿದ್ದಾರೆ. ಅರಾಜಕ ಗ್ರಹಗಳ ಸಮೀಪದಲ್ಲಿ ಅವರ ಕಾಟ ಹೆಚ್ಚು.

ಆಟದ ಅತ್ಯಂತ ಕಠಿಣ ಘಳಿಗೆ ಯುದ್ಧದ್ದಲ್ಲ, ನಿಲ್ದಾಣ ಸೇರುವುದರದ್ದು. ನಿಲ್ದಾಣ ತನ್ನ ಅಕ್ಷದ ಮೇಲೆ ಸದಾ ತಿರುಗುತ್ತಿರುತ್ತದೆ. ಅದರ ಪ್ರವೇಶದ್ವಾರ ಒಂದು ಕಿರಿದಾದ ಸೀಳು. ಆಟಗಾರ ನೌಕೆಯನ್ನು ಆ ಸೀಳಿನ ನೇರಕ್ಕೆ ತಂದು, ವೇಗವನ್ನು ತಗ್ಗಿಸಿ, ನಿಲ್ದಾಣ ತಿರುಗುವ ಗತಿಗೆ ತನ್ನ ಗತಿಯನ್ನು ಹೊಂದಿಸಿಕೊಳ್ಳಬೇಕು. ಹೊಂದಿದರೆ ಒಳಗೆ, ತಪ್ಪಿದರೆ ನುಚ್ಚುನೂರು. ನೌಕೆಯನ್ನು ಎಡಬಲಕ್ಕೆ ಉರುಳಿಸಬಹುದು, ಮೂತಿಯನ್ನು ಮೇಲೆ ಕೆಳಗೆ ಮಾಡಬಹುದು. ಆದರೆ ನೇರವಾಗಿ ಪಕ್ಕಕ್ಕೆ ಹೊರಳಿಸುವ ಕೀಲಿಯೇ ಇಲ್ಲ. ಲಯ ಕೈಗೆ ಬರುವವರೆಗೆ ಹತ್ತಾರು ಸಲ ಸಾಯಬೇಕು. ಒಮ್ಮೆ ಬಂದ ಮೇಲೆ ಅದು ಈಜಿನಂತೆ ಮರೆಯುವುದಿಲ್ಲ.

ಈ ಆಟದಲ್ಲಿ 8 ಗ್ಯಾಲಕ್ಸಿಗಳಿವೆ, ಪ್ರತಿಯೊಂದರಲ್ಲಿ 256 ನಕ್ಷತ್ರಮಂಡಲಗಳು, ಒಟ್ಟು 2048. ಪ್ರತಿ ಮಂಡಲದ ಗ್ರಹಕ್ಕೂ ಹೆಸರು, ಸ್ಥಾನ, ಸರ್ಕಾರದ ಮಾದರಿ, ಆರ್ಥಿಕ ಸ್ಥಿತಿ, ಜನಸಂಖ್ಯೆ ಇವೆ. ಇಷ್ಟನ್ನೂ ಬರೆದಿಡಲು 20 ಕಿಲೋಬೈಟ್ ಸಾಲದು. ಆದ್ದರಿಂದ ಕರ್ತೃಗಳು ಅದನ್ನು ಬರೆದಿಡಲೇ ಇಲ್ಲ. ಅವರು ಇಟ್ಟದ್ದು ಆರು ಬೈಟುಗಳ, ಅಂದರೆ ಮೂರು ಸಂಖ್ಯೆಗಳ ಒಂದು ಬೀಜ ಮಾತ್ರ. ಆ ಮೂರನ್ನೂ ಕೂಡಿದರೆ ಬರುವ ಮೊತ್ತ ಹೊಸ ಮೂರನೆಯ ಸಂಖ್ಯೆಯಾಗುತ್ತದೆ, ಉಳಿದೆರಡು ಒಂದೊಂದು ಸ್ಥಾನ ಮುಂದಕ್ಕೆ ಸರಿಯುತ್ತವೆ. ಈ ಕ್ರಿಯೆಯನ್ನು ಆವರ್ತಿಸುತ್ತ ಹೋದಂತೆ ಒಂದೊಂದೇ ಗ್ರಹ ತನ್ನೆಲ್ಲ ವಿವರಗಳೊಡನೆ ಹುಟ್ಟುತ್ತದೆ. ಹೆಸರುಗಳೂ ಹೀಗೆಯೇ. ಎರಡೆರಡು ಅಕ್ಷರಗಳ 32 ಜೋಡಿಗಳ ಪಟ್ಟಿಯಿಂದ ಬೀಜಸಂಖ್ಯೆ ಆರಿಸಿದವು ಒಂದುಗೂಡುತ್ತವೆ. ‘ಲಾ’ ಮತ್ತು ‘ವೆ’ ಸೇರಿ ಲಾವೆ, ‘ಡಿ’ ಮತ್ತು ‘ಸೊ’ ಸೇರಿ ಡಿಸೊ. ಬೀಜದ ಪ್ರತಿಯೊಂದು ಬೈಟನ್ನೂ ಒಂದು ಸ್ಥಾನದಷ್ಟು ತಿರುಗಿಸಿದರೆ ಮುಂದಿನ ಗ್ಯಾಲಕ್ಸಿ. ಬೈಟಿನಲ್ಲಿ ಎಂಟು ಬಿಟ್‌ಗಳಿರುವುದರಿಂದ ಎಂಟು ಸಲ ತಿರುಗಿಸಿದಾಗ ಮೊದಲಿನದೇ ಮರಳುತ್ತದೆ.

ಛಂದಶ್ಶಾಸ್ತ್ರದ ಷಟ್ಪ್ರತ್ಯಯಗಳನ್ನು ಓದಿದವರಿಗೆ ಈ ಯುಕ್ತಿ ಅಪರಿಚಿತವೆನಿಸದು. ಅಕ್ಷರಸಂಖ್ಯೆಯನ್ನು ಹೇಳಿದರೆ ಅದರಲ್ಲಿ ಸಾಧ್ಯವಿರುವ ಗುರು ಲಘು ವಿನ್ಯಾಸಗಳನ್ನೆಲ್ಲ ಕ್ರಮವಾಗಿ ಬರೆಯುವುದು ಪ್ರಸ್ತಾರ. ಮೂರಕ್ಷರಕ್ಕೆ ಎಂಟು ಸಾಲುಗಳು ಸಾಕು. 26 ಅಕ್ಷರಗಳ ಉತ್ಕೃತಿ ಛಂದಸ್ಸಿಗೆ 6,71,08,864 ಸಾಲುಗಳು ಬೇಕು. ಅಷ್ಟನ್ನು ಯಾವ ಓಲೆಗರಿಯೂ ತಾಳಲಾರದು. ಆದಕಾರಣ ‘ನಷ್ಟ’ ಎಂಬ ಪ್ರತ್ಯಯವಿದೆ: ಪ್ರಸ್ತಾರವನ್ನೇ ಬರೆಯದೆ, ಸಾಲಿನ ಕ್ರಮಸಂಖ್ಯೆಯಿಂದಲೇ ಅದರ ರೂಪವನ್ನು ಪಡೆಯುವುದು. ಸಂಖ್ಯೆ ಸಮವಾದರೆ ಲಘುವನ್ನಿಟ್ಟು ಅರ್ಧಮಾಡಬೇಕು, ವಿಷಮವಾದರೆ ಗುರುವನ್ನಿಟ್ಟು ಒಂದನ್ನು ಕೂಡಿ ಅರ್ಧಮಾಡಬೇಕು. ಮೂರಕ್ಷರದ ಪ್ರಸ್ತಾರದಲ್ಲಿ ಆರನೆಯದು ಯಾವುದೆಂದು ಕೇಳಿದರೆ, ಆರು ಸಮ, ಆದ್ದರಿಂದ ಲಘು. ಅರ್ಧ ಮೂರು ವಿಷಮ, ಆದ್ದರಿಂದ ಗುರು. ಒಂದನ್ನು ಕೂಡಿ ಅರ್ಧಿಸಿದ ಎರಡು ಸಮ, ಆದ್ದರಿಂದ ಲಘು. ದೊರೆತದ್ದು ಮಧ್ಯಗುರುವಾದ ಜಗಣ. ಕೇಂಬ್ರಿಜ್‌ನ ವಿದ್ಯಾರ್ಥಿಗಳಿಗೆ ಈ ಶಾಸ್ತ್ರದ ನಂಟಿತ್ತೆಂದು ಇದರ ಅರ್ಥವಲ್ಲ, ಎರಡು ವಿಧಾನಗಳ ಗಣಿತವೂ ಒಂದೇ ಅಲ್ಲ. ಬರೆಯಲು ಸ್ಥಳವಿಲ್ಲದಲ್ಲಿ ನಿಯಮವನ್ನು ಉಳಿಸಿಕೊಂಡರೆ ವಸ್ತುವನ್ನು ಮತ್ತೆ ಪಡೆಯಬಹುದೆಂಬ ತಿಳಿವಳಿಕೆ ಮಾತ್ರ ಎರಡಕ್ಕೂ ಸಮಾನ. ಶಾಸ್ತ್ರಕಾರರು ಅದಕ್ಕಿಟ್ಟ ಹೆಸರು ಅರ್ಥಪೂರ್ಣವಾಗಿದೆ. ಇಲ್ಲಿ ನಷ್ಟವಾದದ್ದು ಸೂತ್ರದಿಂದ ಮರಳಿ ದೊರೆಯುತ್ತದೆ.

ಹಾಗಾದರೆ ಆಟ ಬರೆದಿಡುತ್ತಿದ್ದುದು ಏನನ್ನು? ನಿಲ್ದಾಣ ತಲುಪಿದ ಆಟಗಾರ ತನ್ನ ಸ್ಥಿತಿಯನ್ನು ಖಾಲಿ ಕ್ಯಾಸೆಟ್ಟಿಗೆ ಉಳಿಸಿಕೊಳ್ಳಬಹುದಿತ್ತು. ಅದರಲ್ಲಿ ಸೇರುತ್ತಿದ್ದುದು ಅವನಿರುವ ಸ್ಥಳ, ಹಣ, ಸರಕು, ನೌಕೆಯ ಸಲಕರಣೆ, ಕಾನೂನಿನ ದೃಷ್ಟಿಯಲ್ಲಿ ಅವನ ಸ್ಥಾನ, ಅವನು ಹೊಡೆದುರುಳಿಸಿದ ನೌಕೆಗಳ ಸಂಖ್ಯೆ. ವಿಶ್ವವನ್ನು ಯಂತ್ರ ತಾನೇ ಮರಳಿ ಹುಟ್ಟಿಸಬಲ್ಲದು. ವ್ಯಕ್ತಿಯೊಬ್ಬ ಆ ವಿಶ್ವದಲ್ಲಿ ಏನು ಮಾಡಿದನೆಂಬುದಕ್ಕೆ ಸೂತ್ರವಿಲ್ಲವಾದ್ದರಿಂದ ಅದನ್ನು ಮಾತ್ರ ಬರೆದಿಡಲೇಬೇಕು.

ಈ ಲೆಕ್ಕದ ಪುಸ್ತಕದಲ್ಲಿ ಎರಡು ಅಂಕಣಗಳು ವಿಶೇಷ ಗಮನಕ್ಕೆ ಅರ್ಹ. ಗುಲಾಮರು, ಮಾದಕವಸ್ತು, ಆಯುಧಗಳ ವ್ಯಾಪಾರವೂ ಈ ಆಟದಲ್ಲಿದೆ. ಅವನ್ನು ಹೊತ್ತು ನಿಲ್ದಾಣದಿಂದ ಹೊರಟರೆ ಆಟಗಾರ ನಿರ್ದೋಷಿಯ ಸ್ಥಾನದಿಂದ ಅಪರಾಧಿಯ ಸ್ಥಾನಕ್ಕೆ ಇಳಿಯುತ್ತಾನೆ. ನಿರಪರಾಧಿ ನೌಕೆಯನ್ನು ನಾಶಮಾಡಿದರೆ ಪೊಲೀಸರು ಬೆನ್ನಟ್ಟುತ್ತಾರೆ. ಕೆಲವು ಆವೃತ್ತಿಗಳಲ್ಲಿ, ಸಿಡಿದ ನೌಕೆಯಿಂದ ಜೀವ ಉಳಿಸಿಕೊಳ್ಳಲು ಹೊರಬಿದ್ದವನ ಪೆಟ್ಟಿಗೆಯನ್ನು ಬಾಚಿಕೊಂಡರೆ ಅದು ಸರಕಿನ ಪಟ್ಟಿಯಲ್ಲಿ ಗುಲಾಮರೆಂದು ನಮೂದಾಗುತ್ತದೆ. ಆಟ ಯಾವ ಉಪದೇಶವನ್ನೂ ಮಾಡದು, ನಮೂದಿಸುತ್ತದೆ ಅಷ್ಟೆ. ಆದರೆ ಆಟಗಾರ ಒಂದು ನಕ್ಷತ್ರದಿಂದ ಮತ್ತೊಂದಕ್ಕೆ ಜಿಗಿದಾಗಲೆಲ್ಲ ಅವನ ಅಪರಾಧದ ಅಂಕ ಅರ್ಧಕ್ಕಿಳಿಯುತ್ತದೆ. ಊರು ಬಿಟ್ಟು ಊರಿಗೆ ಹೋದಂತೆ ಕಾನೂನು ಮರೆಯುತ್ತದೆ. ಮತ್ತೊಂದು ಅಂಕಣವಾದ ಹತ್ಯೆಯ ಸಂಖ್ಯೆ ಎಂದಿಗೂ ಕಡಿಮೆಯಾಗದು, ಅಲ್ಲಿ ದರೋಡೆಕೋರನೆಂಬ ಅಥವಾ ವ್ಯಾಪಾರಿಯೆಂಬ ಭೇದವೂ ಇಲ್ಲ. ‘ನಿರುಪದ್ರವಿ’ ಎಂಬ ಪದವಿಯಿಂದ ಹೊರಟವನಿಗೆ 6400 ನೌಕೆಗಳನ್ನು ಉರುಳಿಸಿದ ಮೇಲೆ ‘ಎಲೀಟ್’ ಎಂಬ ಬಿರುದು ದೊರೆಯುತ್ತದೆ. ಲೋಕ ಕ್ಷಮಿಸಿದ್ದನ್ನು ಬಿರುದು ಮರೆಯುವುದಿಲ್ಲವೆಂಬ ಈ ವ್ಯವಸ್ಥೆ ಬುದ್ಧಿಪೂರ್ವಕವಾದ ನೀತಿಯಾಗಿರದೆ ಆಟದ ಸಮತೋಲಕ್ಕಾಗಿ ಮಾಡಿದ್ದಿರಬಹುದು. ಆದರೂ ಬಿರುದಾವಳಿಯ ಶಾಸನಗಳನ್ನು ಓದಿದವರು ಈ ಅಂಕಣವನ್ನು ಹಗುರವಾಗಿ ದಾಟಲಾರರು.

ಇಂದು ಈ ಆಟದ ಪಠ್ಯ ಸುರಕ್ಷಿತವಾಗಿದೆ. ಕ್ಯಾಸೆಟ್ ಮತ್ತು ಡಿಸ್ಕ್ ಪಾಠಗಳು ಬೇರೆ ಬೇರೆ. ಗ್ರಹವರ್ಣನೆಗಳೂ ವಿಶೇಷ ಕಾರ್ಯಗಳೂ ಡಿಸ್ಕ್ ಪಾಠದಲ್ಲಿವೆ, ಕ್ಯಾಸೆಟ್ ಪಾಠದಲ್ಲಿಲ್ಲ. ಕಮೊಡೋರ್ 64, ಸ್ಪೆಕ್ಟ್ರಮ್ ಮೊದಲಾದ ಯಂತ್ರಗಳ ಪಾಠಾಂತರಗಳೂ ಉಂಟು. ಬೆಲ್ ಅವರು ಮೂಲ ಬರವಣಿಗೆಯನ್ನು ಸಾರ್ವಜನಿಕರಿಗೆ ಒದಗಿಸಿದ್ದಾರೆ. ಅದಕ್ಕೆ ಸಾಲುಸಾಲಿಗೂ ಟೀಕೆ ಬರೆದು, ಪಾಠಗಳನ್ನು ಹೋಲಿಸಿ ತೋರಿಸಿದ ಪರಿಶ್ರಮವೂ ನಡೆದಿದೆ. ಸಂಪಾದನಶಾಸ್ತ್ರದ ಶಿಸ್ತಿಗೆ ಸಲ್ಲುವ ಕೆಲಸವದು. ಹಳೆಯ ಯಂತ್ರಗಳ ವಿದ್ಯುತ್ ಭಾಗದಲ್ಲಿನ ಕೆಪಾಸಿಟರ್‌ಗಳು ವಯಸ್ಸಾಗಿ ಹೊಗೆಯುಗುಳಿ ಕೆಡುತ್ತವೆಯಾದರೂ, ಆ ಯಂತ್ರವನ್ನೇ ಅನುಕರಿಸುವ ಎಮ್ಯುಲೇಟರ್‌ನಲ್ಲಿ ಲಾವೆಯ ಆಕಾಶ 1984ರಲ್ಲಿ ಹೇಗಿತ್ತೋ ಹಾಗೆಯೇ ಮೂಡುತ್ತದೆ. ಒಂದು ನಕ್ಷತ್ರವೂ ಸ್ಥಾನ ತಪ್ಪಿರುವುದಿಲ್ಲ.

ಉಳಿಯದಿರುವುದು ಆ ಚಿಕ್ಕ ಕಡತಗಳು. ಶಾಲೆ ಮುಗಿಸಿ ಬಂದ ಹುಡುಗರು ತಿಂಗಳುಗಟ್ಟಲೆ ಆಡಿ, ಕ್ಯಾಸೆಟ್ಟಿನ ಚೀಟಿಯ ಮೇಲೆ ಪೆನ್ಸಿಲಿನಲ್ಲಿ ಹೆಸರು ಬರೆದಿಟ್ಟುಕೊಂಡ ಪಯಣಗಳು. ಗ್ರಹಗಳ ದರಪಟ್ಟಿಯನ್ನು ಗುರುತುಹಾಕಿಕೊಂಡ ನೋಟುಪುಸ್ತಕಗಳು. ಕಾಂತೀಯ ಲೇಪ ಉದುರಿದ ಕ್ಯಾಸೆಟ್ಟಿನಿಂದ ಯಾರೊಬ್ಬರ 6399ನೆಯ ಜಯವನ್ನೂ ಗಣಿಸಿ ಪಡೆಯಲಾಗದು, ಏಕೆಂದರೆ ಅದಕ್ಕೆ ಬೀಜಸಂಖ್ಯೆಯಿಲ್ಲ. ಕೃತಿಯನ್ನು ಸಂಗ್ರಹಿಸುವ ಸಂಸ್ಥೆಗಳು ಬೆಲೆಯಿಲ್ಲದ್ದೆಂದು ಹೊರಗಿಡುವುದೂ ಇವನ್ನೇ. ಹಸ್ತಪ್ರತಿಯ ಅಂಚಿನಲ್ಲಿ ಓದುಗನೊಬ್ಬ ಗೀಚಿದ ಟಿಪ್ಪಣಿ, ಕೊನೆಯ ಗರಿಯಲ್ಲಿ ಲಿಪಿಕಾರ ಬರೆದ ತನ್ನ ಊರು, ಬೆನ್ನುನೋವು, ಬರೆದು ಮುಗಿಸಿದ ತಿಥಿ ಇವೆಲ್ಲ ಮುದ್ರಿತ ಆವೃತ್ತಿಗಳಲ್ಲಿ ಬಿಟ್ಟುಹೋದ ಬಗೆಯೂ ಇಂಥದೇ. ಕಾವ್ಯವನ್ನು ಹಲವು ಪ್ರತಿಗಳಿಂದ ಪುನಾರಚಿಸಬಹುದು. ಬರೆದವನ ಆ ಒಂದು ಸಾಲು ಇದ್ದರೆ ಆ ಗರಿಯಲ್ಲಿ ಮಾತ್ರ ಇರುತ್ತದೆ. ನಷ್ಟಕ್ಕೆ ಸೂತ್ರವಿದೆ, ನಾಶಕ್ಕೆ ಇಲ್ಲ. ಸಂಗ್ರಾಹಕರು ಮೊದಲು ಕೈನೀಡಬೇಕಾದದ್ದು ಎರಡನೆಯದರ ಕಡೆಗೆ.