ನ್ಯಾಮತಿ ಎಲ್ಲಿ, ಮೇಡಂ?

ಅಭ್ಯಾಸ ಬೋಧನೆಯ ನನ್ನ ಐದನೆಯ ಪಾಠ ಹೊನ್ನಾಳಿಯ ಒಂದು ಪ್ರೌಢಶಾಲೆಯ ಎಂಟನೆಯ ತರಗತಿಗೆ, ನಕ್ಷೆ ಓದುವುದರ ಬಗ್ಗೆ. ಬೀರುವಿನ ಹಿಂದಿದ್ದ ದಾವಣಗೆರೆ ಜಿಲ್ಲೆಯ ನಕ್ಷೆಯ ಧೂಳು ಒರೆಸಿ ಗೋಡೆಗೆ ನೇತುಹಾಕಿದೆ. ದಿಕ್ಕು, ಪ್ರಮಾಣ, ಸಂಕೇತ ಎಲ್ಲ ಪಾಠಯೋಜನೆಯಂತೆಯೇ ಮುಗಿಯಿತು. ಕೊನೆಗೆ "ನಿಮ್ಮ ತಾಲ್ಲೂಕು ತೋರಿಸಿ" ಎಂದೆ. ಎರಡನೆಯ ಬೆಂಚಿನ ಹುಡುಗಿ ಬಂದು ಬೆರಳಿಟ್ಟು ಹುಡುಕಿದಳು.

"ನಮ್ಮ ತಾಲ್ಲೂಕೇ ಇಲ್ಲ ಮೇಡಂ. ನ್ಯಾಮತಿ ಎಲ್ಲಿ?"

ನಾನು ಹೊನ್ನಾಳಿಯ ಮೇಲೆ ಕೋಲಿಟ್ಟು "ಇದೇ ನಿಮ್ಮ ತಾಲ್ಲೂಕು" ಎಂದುಬಿಟ್ಟೆ.

"ಅಲ್ಲ ಮೇಡಂ, ನಮ್ದು ಈಗ ಬೇರೆ ಐತೆ."

ತರಗತಿ ನಕ್ಕಿತು. ಹಿಂದೆ ಕುಳಿತಿದ್ದ ಮಾರ್ಗದರ್ಶಕರು ಏನೋ ಬರೆದುಕೊಂಡರು. ನನಗೆ ಗೊತ್ತಿರಲಿಲ್ಲವೆಂದಲ್ಲ, ನಕ್ಷೆಯ ಎದುರು ನಿಂತಾಗ ಗೊತ್ತಿದ್ದದ್ದೂ ಮರೆತುಹೋಯಿತು.

ಸಂಜೆ ಆ ನಕ್ಷೆಯನ್ನೇ ಮತ್ತೆ ನೋಡಿದೆ. 1997ರಲ್ಲಿ ಜಿಲ್ಲೆ ಆದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ, ಹರಪನಹಳ್ಳಿ ಬಳ್ಳಾರಿಯಿಂದ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು, ಈಗ ವಿಜಯನಗರ ಜಿಲ್ಲೆಯಲ್ಲಿದೆ. ನಮ್ಮ ಗೋಡೆಯಲ್ಲಿ ಮಾತ್ರ ಇನ್ನೂ ದಾವಣಗೆರೆಯದೇ.

ಆ ವಾರ ನಕ್ಷೆಗಳ ಇತಿಹಾಸ ಓದಿದೆ. 1799ರಲ್ಲಿ ಟಿಪ್ಪು ಮಡಿದ ಮೇಲೆ ಮೈಸೂರು ಸೀಮೆಯ ಸರ್ವೆಗೆ ಇಳಿದವನು ಕಾಲಿನ್ ಮೆಕೆಂಜಿ. ಅವನ ಜೊತೆಗಿದ್ದ ಕಾವೆಲಿ ಸೋದರರಂಥ ಸ್ಥಳೀಯ ಸಹಾಯಕರು ಊರ ಹಿರಿಯರನ್ನು ಕೇಳಿ ಕೈಫಿಯತ್ತುಗಳನ್ನು ಸಂಗ್ರಹಿಸಿದರು. 1802ರಲ್ಲಿ ಲ್ಯಾಂಬ್ಟನ್ ಮದ್ರಾಸಿನ ಬಳಿ ಒಂದು ಗೆರೆಯನ್ನು ಸರಪಳಿಯಿಂದ ಅಳೆದ. ಅದನ್ನೇ ಭುಜವಾಗಿಟ್ಟು, ಕೋನಗಳನ್ನು ಮಾತ್ರ ಅಳೆಯುತ್ತ, ತ್ರಿಕೋನದ ಮೇಲೆ ತ್ರಿಕೋನ ಕಟ್ಟುತ್ತ ಹೋದ. ಪ್ರೌಢಶಾಲೆಯಲ್ಲಿ ತ್ರಿಕೋನಮಿತಿ ಯಾಕೆಂದು ಗೊಣಗಿದ್ದವಳು ನಾನು!

ಮುಂದಿನ ಪಾಠ ಕಂಪ್ಯೂಟರ್ ಕೋಣೆಯಲ್ಲಿ. ಓಪನ್‌ಸ್ಟ್ರೀಟ್‌ಮ್ಯಾಪ್ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ನಕ್ಷೆ. ಉಪಗ್ರಹ ಚಿತ್ರದ ಮೇಲೆ ಬಿಂದು, ಗೆರೆ, ಮುಚ್ಚಿದ ಆಕೃತಿ ಬರೆದು, ಅದು ಬಾವಿಯೋ ರಸ್ತೆಯೋ ಕೆರೆಯೋ ಎಂದು ಹೆಸರಿಸಬೇಕು. ಯಾವಾಗ ಯಾರು ತಿದ್ದಿದರೆಂಬುದೂ ದಾಖಲಾಗುತ್ತದೆ. ಮಕ್ಕಳಿಗೆ ತೋರಿಸಲೆಂದು ಚನ್ನಗಿರಿ ಕಡೆಯ ಹೊಲಗಳ ನಡುವೆ ನೇರವಾಗಿ ಕಂಡ ಒಂದು ಪಟ್ಟಿಯ ಮೇಲೆ ಗೆರೆ ಎಳೆದು 'ರಸ್ತೆ' ಎಂದು ಹಾಕಿದೆ.

"ಮೇಡಂ, ಅದು ರೋಡಲ್ಲ, ಭದ್ರಾ ಚಾನಲ್ಲು. ನಮ್ಮಜ್ಜನ ಗದ್ದಿ ಅದರ ಪಕ್ಕದಲ್ಲೇ ಐತೆ," ಎಂದ ಅಲ್ಲಿಯವನೊಬ್ಬ.

ಪುಣ್ಯಕ್ಕೆ ಇನ್ನೂ ಉಳಿಸಿರಲಿಲ್ಲ. ಗೆರೆ ಅಳಿಸಿ, ಹೇಗೆ ಹಾಕಬೇಕೆಂದು ಅವನನ್ನೇ ಕೇಳಿದೆ. ನೀರು ಯಾವ ಕಡೆಗೆ ಹರಿಯುತ್ತದೆ ಎಂಬುದನ್ನೂ ಹೇಳಿದ. ಗೆರೆಯನ್ನು ಆ ದಿಕ್ಕಿಗೇ ಎಳೆಯಬೇಕಂತೆ, ಆಮೇಲೆ ಓದಿ ತಿಳಿದೆ.

ಜಗಳೂರಿನ ನನ್ನ ಸಹಪಾಠಿಗೆ ಇದನ್ನೆಲ್ಲ ಹೇಳಿದಾಗ ಅವಳು ನಕ್ಕಳು. "ನಿಮ್ಮದು ಚಾನಲ್ ಸಮಸ್ಯೆ. ನಮ್ಮ ಕಡೆ ನಕ್ಷೆಯಲ್ಲಿ ನೀಲಿ ಬಳಿದ ಕೆರೆಗೆ ಹೋಗಿ ನೋಡು, ಹುಡುಗರು ಕ್ರಿಕೆಟ್ ಆಡ್ತಿರ್ತಾರೆ." ಸರ್ವೆ ಆಫ್ ಇಂಡಿಯಾದ ಹಾಳೆಗಳಲ್ಲಿ ನೀರಿರುವ ಹಳ್ಳಕ್ಕೆ ನೀಲಿ, ಒಣ ಹಳ್ಳಕ್ಕೆ ಕಪ್ಪು ಗೆರೆ. ಈ ಭೇದವನ್ನು ನಾನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ, ಅಷ್ಟೇ.

ಕೊನೆಯ ದಿನ ಗೋಡೆಯ ನಕ್ಷೆಯ ಮೇಲೆ ತೆಳು ಕಾಗದ ಅಂಟಿಸಿ, ನ್ಯಾಮತಿಯ ಹುಡುಗಿಯ ಕೈಗೆ ಪೆನ್ಸಿಲ್ ಕೊಟ್ಟೆ. ಊರಿನ ಚುಕ್ಕೆ ತಕ್ಷಣ ಇಟ್ಟಳು. ಗಡಿಯ ಗೆರೆ ಅರ್ಧಕ್ಕೆ ನಿಂತಿತು. "ಆ ಕಡೆ ಎಲ್ಲೀಗಂಟ ನಮ್ದು ಅಂತ ಅಪ್ಪನ್ನ ಕೇಳ್ಕಂಡು ಬರ್ತೀನಿ ಮೇಡಂ," ಎಂದು ಪೆನ್ಸಿಲ್ಲನ್ನು ಜೇಬಿನಲ್ಲಿಟ್ಟುಕೊಂಡು ಹೋದಳು.