ಕಾಕಾನ ಪಿಸ್ತೂಲಿಗೆ ಕೆಂಪು ಚುಕ್ಕಿ

ಗುರಿ ಇಡೋದು ಅಂದ್ರೆ ಕೈ ಕೆಲಸ ಅಂತ ನಾವೆಲ್ಲ ಅಂದುಕೊಂಡಿರ್ತೀವಿ. ಕಣ್ಣಿನ ಪಾಲು ಯಾರಿಗೂ ನೆನಪಾಗೋದಿಲ್ಲ. ಪಿಸ್ತೂಲಿನ ಹಿಂದೊಂದು ಕಚ್ಚು, ಮುಂದೊಂದು ಕಡ್ಡಿ, ಅದರಾಚೆ ಗುರಿಯ ಕರೀ ವೃತ್ತ. ಈ ಮೂರೂ ಒಂದೇ ಗೆರೆಗೆ ಬರಬೇಕು. ಆದರೆ ಮೂರೂ ಬೇರೆ ಬೇರೆ ದೂರದಲ್ಲಿವೆ, ಕಣ್ಣು ಒಂದು ಸಲಕ್ಕೆ ಒಂದನ್ನೇ ಸ್ಪಷ್ಟವಾಗಿ ನೋಡಬಲ್ಲದು. ಅನುಭವಿಗಳು ಮುಂದಿನ ಕಡ್ಡಿ ನೋಡು, ಉಳಿದದ್ದು ಮಸುಕಾಗಿರಲಿ ಅಂತಾರೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತ ಹೋಗಿ, ಚಾಚಿದ ಕೈಯ ತುದಿಯ ಆ ಕಡ್ಡಿಯೇ ಮಸುಕಾಗತೊಡಗಿದರೆ?

ಬನಹಟ್ಟಿಯ ನಮ್ಮ ಕಾಕಾನಿಗೆ ಆಗಿದ್ದು ಅದೇ. ಸೈನ್ಯದಿಂದ ನಿವೃತ್ತಿಯಾಗಿ ಬಂದವನು, ಐವತ್ತೈದರ ಆಸುಪಾಸು. ಅವರಪ್ಪನ ಕಾಲದ ಮಗ್ಗಗಳನ್ನು ಮಾರಿ ಖಾಲಿಯಾದ ಶೆಡ್ಡಿನಲ್ಲಿ ಹತ್ತು ಮೀಟರ್ ಅಳೆದು, ಕೊನೆಗೆ ಮರಳಿನ ಚೀಲ ಒಟ್ಟಿ, ಭಾನುವಾರ ಹುಡುಗರಿಗೆ ಏರ್ ಪಿಸ್ತೂಲ್ ಕಲಿಸ್ತಾನೆ. ಜಮಖಂಡಿ, ಮುಧೋಳದಿಂದ ಬಸ್ ಹಿಡಿದು ಬರೋರಿದ್ದಾರೆ, ಬೀಳಗಿಯಿಂದ ಒಬ್ಬ ಹುಡುಗಿ ಬರ್ತಾಳೆ. ಫೀಜು ಇಲ್ಲ. ಹೋದ ವರ್ಷ ಒಂದು ರಾತ್ರಿ ಫೋನ್ ಮಾಡಿದ.

"ತಮ್ಮಾ, ನನ್ನ ಕೈ ಹೋತು ಅನಸ್ತೈತಿ. ಹುಡುಗೂರ ಮುಂದ ಹೊಡದು ತೋರ್ಸಾಕ ನಾಚಿಕಿ ಬರಾಕತ್ತೈತಿ. ಶೆಡ್ಡ ಬಂದ್ ಮಾಡ್ತೀನಿ. ಅದಕ್ಕಿಂತ ಮೊದ್ಲ, ಆ ಕೆಂಪ ಚುಕ್ಕಿ ಕನ್ನಡಿ ಅಂತಾರಲ್ಲ, ಅದೊಂದ ನೋಡೂಣು. ನೀ ಇಂಜಿನಿಯರ್ ಅದೀ, ಛಲೋದ ಆರಿಸಿ ತಾ."

ಕಂಪ್ಯೂಟರ್ ಇಂಜಿನಿಯರಿಗೂ ಪಿಸ್ತೂಲಿಗೂ ಏನು ಸಂಬಂಧ ಅಂತ ನಮ್ಮ ಕಡೆ ಯಾರೂ ಕೇಳೋದಿಲ್ಲ. ಬಿಇ ಮಾಡಿದವನು ಮಿಕ್ಸರ್‌ನಿಂದ ಬೋರ್‌ವೆಲ್‌ವರೆಗೆ ಎಲ್ಲಾ ಗೊತ್ತಿದ್ದವನು. ಓದೋಕೆ ಕೂತೆ.

ಮೊದಲು ನೋಡಿದ್ದು ಕಾನೂನು. ನನ್ನೂರು ಮುಧೋಳ ತಾಲೂಕು, ಹಲಗಲಿಯೂ ಅದೇ ತಾಲೂಕು. 1857ರಲ್ಲಿ ಆಯುಧ ಒಪ್ಪಿಸಿ, ಪರವಾನಗಿ ಇಲ್ಲದೆ ಇಟ್ಟುಕೊಳ್ಳಬೇಡಿ ಅಂತ ಕಂಪನಿ ಸರಕಾರ ಕಾಯಿದೆ ತಂದಾಗ ಹಲಗಲಿಯ ಬೇಡರು ಕೊಡೋದಿಲ್ಲ ಅಂದರು. ಆಯುಧ ಅವರಿಗೆ ಹೊಟ್ಟೆಪಾಡು. ನವೆಂಬರ್ ಕೊನೆಗೆ ಸೈನ್ಯ ಬಂತು, ಊರು ಸುಟ್ಟಿತು. ಡಿಸೆಂಬರಿನಲ್ಲಿ 19 ಮಂದಿಯನ್ನು ಗಲ್ಲಿಗೇರಿಸಿದರು, ಕೆಲವರನ್ನು ಮುಧೋಳದಲ್ಲಿ, ಉಳಿದವರನ್ನು ಹಲಗಲಿಯಲ್ಲೇ. ಆ ಲಾವಣಿ ಕೇಳಿ ಬೆಳೆದ ನಮ್ಮ ಕಡೆಯವರಿಗೆ ಆಯುಧದ ಪರವಾನಗಿ ಅನ್ನೋದು ಬರೀ ಕಾಗದವಲ್ಲ. ಇವತ್ತಿನ ನಿಯಮ ಸರಳ ಇದೆ. 2016ರ ಆಯುಧ ನಿಯಮಗಳ ಪ್ರಕಾರ .177 ಅಳತೆ ಮೀರದ, 20 ಜೂಲ್ ಶಕ್ತಿ ದಾಟದ ಏರ್ ಪಿಸ್ತೂಲಿಗೆ ಪರವಾನಗಿ ಬೇಡ. ಕಾಕಾನದು ಅದರೊಳಗೇ ಬರುತ್ತದೆ.

ಎರಡನೆಯದು ಆಟದ ನಿಯಮ. 10 ಮೀಟರ್ ಏರ್ ಪಿಸ್ತೂಲ್ ಸ್ಪರ್ಧೆಯಲ್ಲಿ ಕೆಂಪು ಚುಕ್ಕಿಗೆ ಜಾಗವಿಲ್ಲ. ಕಚ್ಚು ಮತ್ತು ಕಡ್ಡಿ, ಅಷ್ಟೇ. 2024ರಲ್ಲಿ ಪ್ಯಾರಿಸ್‌ನಲ್ಲಿ ಮನು ಭಾಕರ್ ಕಂಚು ಗೆದ್ದದ್ದೂ ಹಾಗೇ ನೋಡಿ. ಹಾಗಾಗಿ ಹುಡುಗರ ಪಿಸ್ತೂಲುಗಳಿಗೆ ಇದು ಬೇಡ, ನಿನ್ನೊಬ್ಬನದಕ್ಕೆ ಮಾತ್ರ ಅಂತ ಕಾಕಾನಿಗೆ ಹೇಳಿದೆ. ಒಪ್ಪಿದ.

ಈ ಕನ್ನಡಿಯ ಹಿಂದಿರೋ ತತ್ವ ಹಳೇದು. 1900ರಲ್ಲೇ ಐರ್ಲೆಂಡಿನ ಹೋವರ್ಡ್ ಗ್ರಬ್ ಎಂಬ ದೂರದರ್ಶಕ ತಯಾರಕ ಇದನ್ನು ಕಂಡುಹಿಡಿದ. ಈಗಿನದರಲ್ಲಿ ಒಂದು ಪುಟ್ಟ ಎಲ್‌ಇಡಿ ಹಿಂದಿನಿಂದ ಬಾಗಿದ ಗಾಜಿನ ಮೇಲೆ ಬೆಳಕು ಬಿಡುತ್ತದೆ. ಗಾಜಿನ ಲೇಪನ ಕೆಂಪನ್ನಷ್ಟೇ ತಿರುಗಿಸಿ ನಮ್ಮ ಕಣ್ಣಿಗೆ ಕಳಿಸುತ್ತದೆ, ಉಳಿದ ಬೆಳಕು ಆರಪಾರ ಹೋಗುತ್ತದೆ. ಕಿರಣಗಳು ಸಮಾನಾಂತರವಾಗಿ ಬರೋದರಿಂದ ಚುಕ್ಕಿ ಬಹಳ ದೂರದಲ್ಲಿ ತೇಲಿದಂತೆ ಕಾಣುತ್ತದೆ. ಗುರಿಯನ್ನಷ್ಟೇ ನೋಡಿದರೆ ಸಾಕು, ಚುಕ್ಕಿ ಅದರ ಮೇಲೆ ಕೂತಿರುತ್ತದೆ. ಮೂರರ ಲೆಕ್ಕ ಎರಡಕ್ಕೆ ಇಳೀತು, ಆ ಎರಡೂ ಒಂದೇ ನೋಟಕ್ಕೆ ಸಿಗುತ್ತವೆ. ಚಾಳೀಸು ದಾಟಿದ ಕಣ್ಣಿಗೆ ಇದಕ್ಕಿಂತ ಉಪಕಾರ ಇಲ್ಲ.

ಆರಿಸುವಾಗ ಮೂರು ಸಂಗತಿ ನೋಡಿದೆ. ಒಂದು, ತೂಕ. ಕೊಳವೆಯಂಥವು ನೂರು ಗ್ರಾಂ ದಾಟುತ್ತವೆ. ತೆರೆದ ಗಾಜಿನ ಪುಟ್ಟವು ಮೂವತ್ತರ ಸುತ್ತಮುತ್ತ. ಚಾಚಿದ ಒಂಟಿ ಕೈಗೆ ಪುಟ್ಟದೇ ಸರಿ. ಎರಡು, ಚುಕ್ಕಿಯ ಗಾತ್ರ. ಇದನ್ನು ಎಂಒಎ ಎಂಬ ಕೋನದ ಅಳತೆಯಲ್ಲಿ ಹೇಳ್ತಾರೆ. ಹತ್ತು ಮೀಟರಿಗೆ 1 ಎಂಒಎ ಅಂದ್ರೆ 2.9 ಮಿ.ಮೀ. ಗುರಿಯ ಹತ್ತರ ವೃತ್ತ 11.5 ಮಿ.ಮೀ. 6 ಎಂಒಎ ಚುಕ್ಕಿ ಆ ವೃತ್ತವನ್ನೇ ನುಂಗಿಬಿಡುತ್ತದೆ, 3ರದು ಅದರೊಳಗೆ ಕೂರುತ್ತದೆ. 3 ತಗೊಂಡೆ. ಮೂರು, ಹೊಡೆತ ತಾಳೋ ಗಟ್ಟಿತನ. ಸ್ಪ್ರಿಂಗ್ ಪಿಸ್ತೂಲು ಮೊದಲು ಹಿಂದಕ್ಕೆ ಒದ್ದು, ಆಮೇಲೆ ಮುಂದಕ್ಕೂ ಜಗ್ಗುತ್ತದೆ. ಒಂದೇ ಕಡೆಯ ಒದೆತಕ್ಕೆ ಮಾಡಿದ ಕನ್ನಡಿಗಳು ಇದಕ್ಕೆ ಸಡಿಲಾಗುತ್ತವೆ.

ಕೂರಿಸೋಕೆ ಕಾರಹುಣ್ಣಿಮೆಗೆ ಊರಿಗೆ ಹೋದಾಗ ಪುರಸೊತ್ತಾಯ್ತು. ಪಿಸ್ತೂಲಿನ ಮೈಮೇಲಿರೋದು 11 ಮಿ.ಮೀ. ಕಚ್ಚು, ಕನ್ನಡಿಯ ಬುಡಕ್ಕೆ ಬೇಕಾದದ್ದು ವೀವರ್ ಅನ್ನೋ ಅಗಲದ ಪಟ್ಟಿ. ನಡುವೆ ಒಂದು ಅಡಾಪ್ಟರ್ ಬೇಕು. ವೀವರ್ ಅಂದ್ರೆ ನೇಕಾರ ಅಂದಾಗ ಕಾಕಾ ನಕ್ಕ. "ಹಂಗಾರ ಬನಹಟ್ಟಿಗೆ ಸರಿಯಾಗೇ ಬಂದೈತಿ."

ಪಿಸ್ತೂಲಿನಲ್ಲಿ ಗುಂಡಿಲ್ಲ ಅಂತ ಇಬ್ಬರೂ ಬೇರೆ ಬೇರೆ ನೋಡಿದೆವು, ಅದು ಕಾಕಾನ ಶಿಸ್ತು. ಸ್ಕ್ರೂಗಳ ಎಣ್ಣೆ ಒರೆಸಿ, ಮರೆಯ ಬಿಗಿತಕ್ಕೆ ನೀಲಿ ಅಂಟಿನ ಒಂದೊಂದು ಹನಿ ಹಾಕಿದೆ. ಕೆಂಪು ಅಂಟು ಹಾಕಬಾರದು, ಬಿಚ್ಚೋವಾಗ ಜೀವ ತಿನ್ನುತ್ತದೆ. ಪುಟ್ಟ ಸ್ಕ್ರೂ, ಬಲ ಬಿಟ್ಟು ತಿರುಗಿಸಿದರೆ ಮುರಿದೇ ಹೋಗುತ್ತದೆ. ಒಂದಾದ ಮೇಲೆ ಒಂದರಂತೆ ಸಮನಾಗಿ ಬಿಗಿದು, ಕಾಕೂನ ಉಗುರುಬಣ್ಣದಿಂದ ಸ್ಕ್ರೂ ಮತ್ತು ಬುಡದ ಮೇಲೆ ಒಂದು ಗೆರೆ ಎಳೆದೆ. ಗೆರೆ ಮುರಿದರೆ ಸ್ಕ್ರೂ ಸರಿದಿದೆ ಅಂತ ತಿಳೀಬೇಕು.

ಜೋಳದ ಸಣ್ಣ ಚೀಲದ ಮೇಲೆ ಕೈ ಊರಿ ನಾನು ಐದು ಹೊಡೆದೆ. ಗುಂಪು ಮೂರು ಸೆಂ.ಮೀ. ಕೆಳಗೆ, ಎರಡು ಸೆಂ.ಮೀ. ಎಡಕ್ಕೆ ಬಿತ್ತು. ಒಂದು ಕ್ಲಿಕ್ಕಿಗೆ 1 ಎಂಒಎ. ಮೇಲಕ್ಕೆ ಹತ್ತು, ಬಲಕ್ಕೆ ಏಳು. ಮುಂದಿನ ಐದು ನಡುವಿಗೆ ಬಂದವು. ಪಿಸ್ತೂಲನ್ನು ಕಾಕಾನ ಕೈಗೆ ಕೊಟ್ಟೆ.

ಅವನು ನೋಡಿದ, ಕೈ ಇಳಿಸಿದ. "ಇದು ಚುಕ್ಕಿ ಅಲ್ಲೋ ತಮ್ಮಾ. ಕುಂಕಮದ ಭರಣಿ ಬಿದ್ದು ಚೆಲ್ಲಿದಂಗ ಕಾಣತೈತಿ. ಮಾಲ್ ಖರಾಬ ಐತಿ, ವಾಪಸ್ ಕೊಡು."

ನನಗೆ ದುಂಡಗೇ ಕಂಡಿತ್ತು. ಇದಕ್ಕೊಂದು ಸುಲಭ ಪರೀಕ್ಷೆ ಇದೆ, ಗೊತ್ತಿರಲಿ. ಕನ್ನಡಿಯ ಹಿಂದೆ ಮೊಬೈಲ್ ಹಿಡಿದು ಚುಕ್ಕಿಯ ಫೋಟೋ ತೆಗೀಬೇಕು. ಫೋಟೋದಲ್ಲಿ ದುಂಡಗಿದ್ದು ಕಣ್ಣಿಗೆ ಚೆಲ್ಲಿದಂತೆ ಕಂಡರೆ ದೋಷ ಕನ್ನಡಿಯದಲ್ಲ, ಕಣ್ಣಿನದು. ಕಾರ್ನಿಯಾ ಚೆಂಡಿನಂತೆ ದುಂಡಗಿರದೆ ಒಂದು ಕಡೆ ಹೆಚ್ಚು ಬಾಗಿದ್ದರೆ ಬಿಂದು ಬಿಂದುವಾಗಿ ಕಾಣೋದಿಲ್ಲ. ಅಸ್ಟಿಗ್ಮ್ಯಾಟಿಸಂ ಅಂತಾರೆ. ಫೋಟೋ ತೋರಿಸಿದೆ. ಕಾಕಾ ಎಷ್ಟೋ ಹೊತ್ತು ಮಾತಾಡಲಿಲ್ಲ.

ಬೆಳಕು ತಗ್ಗಿಸಿದರೆ ಚೆಲ್ಲೋದು ಸ್ವಲ್ಪ ಕಮ್ಮಿಯಾಗುತ್ತದೆ. ಹಾಗೆ ಮಾಡಿ ಐದು ಹೊಡೆಸಿದೆ. ಕಾಗದ ತಂದು ನೋಡಿದರೆ ಐದೂ ತೂತು ಐದು ರೂಪಾಯಿ ನಾಣ್ಯದಡಿ ಮುಚ್ಚುವಷ್ಟು ಹತ್ತಿರ. ಎರಡು ವರ್ಷದಿಂದ ಕೈ ಹೋತು ಅಂತ ಒಳಗೊಳಗೇ ಕೊರಗುತ್ತಿದ್ದ ಮನುಷ್ಯ ಆ ಕಾಗದವನ್ನು ಬೆಳಕಿಗೆ ಹಿಡಿದು ನೋಡ್ತಾನೇ ಇದ್ದ.

"ಹಂಗಾರ ಕೈ ಐತಿ?"

"ಕೈ ಐತಿ ಕಾಕಾ. ಚಾಳೀಸ ಬೇಕು."

ಮರುದಿನವೇ ಕಣ್ಣಿನ ಡಾಕ್ಟರ ಹತ್ತಿರ ಹೋದ. ಸಿಲಿಂಡರ್ ನಂಬರ್ ಬಂತು, ಜೊತೆಗೆ ಹತ್ತಿರದ್ದೂ ಬಂತು. ಹೊಸ ಕನ್ನಡಕ ಹಾಕಿಕೊಂಡು ನೋಡಿದರೆ ಚುಕ್ಕಿ ದುಂಡಗೆ. ಶೆಡ್ಡು ಬಂದ್ ಆಗಲಿಲ್ಲ. ಈಗ ಹೊಸ ಹುಡುಗ ಯಾರೇ ಬಂದರೂ ಮೊದಲು ಆ ಕೆಂಪು ಚುಕ್ಕಿ ತೋರಿಸಿ "ಹೆಂಗ ಕಾಣತೈತಿ, ಖರೇ ಹೇಳು" ಅಂತ ಕೇಳ್ತಾನಂತೆ. ಬೀಳಗಿಯ ಹುಡುಗಿಗೆ ಬಾಲ ಇದ್ದಂತೆ ಕಾಣ್ತಿತ್ತು. ಅವಳಿಗೂ ಕನ್ನಡಕ ಬಂತು. ಶಾಲೆಯ ಬೋರ್ಡು ಅಷ್ಟು ಬೆಳ್ಳಗೆ ಕಾಣ್ತದೆ ಅಂತ ಅವಳಿಗೆ ಅಲ್ಲೀತನಕ ಗೊತ್ತೇ ಇರಲಿಲ್ಲವಂತೆ.