ಚಾರ್ಲ್ಸ್‌ಟನ್ನಿನಲ್ಲಿ ಬಿಡುವಿನ ನೋಟ

ಅಮೆರಿಕ ಸಂಯುಕ್ತ ಸಂಸ್ಥಾನದ ಆಗ್ನೇಯ ಕರಾವಳಿಯಲ್ಲಿ, ದಕ್ಷಿಣ ಕೆರೊಲಿನಾ ರಾಜ್ಯದಲ್ಲಿರುವ ಚಾರ್ಲ್ಸ್‌ಟನ್ ನಗರವು ಆಶ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳು ಕಡಲನ್ನು ಸೇರುವ ಅಳಿವೆಯ ನಡುವೆ ಚಾಚಿಕೊಂಡಿರುವ ಕಿರಿದಾದ ಭೂಶಿರದ ಮೇಲೆ ಬೆಳೆದು ನಿಂತಿದೆ. 1670ರಲ್ಲಿ ಇಂಗ್ಲಿಷ್ ವಸಾಹತುಗಾರರು ದೊರೆ ಎರಡನೆಯ ಚಾರ್ಲ್ಸನ ಹೆಸರಿನಲ್ಲಿ ಆಶ್ಲಿ ನದಿಯ ಪಶ್ಚಿಮ ದಂಡೆಯಲ್ಲಿ ಕಟ್ಟಿಕೊಂಡ ನೆಲೆಯು ಹತ್ತು ವರ್ಷಗಳಲ್ಲಿ ಈಗಿನ ಜಾಗಕ್ಕೆ ಬಂದಿತು. ಮುಂದಿನ ಒಂದೂವರೆ ಶತಮಾನದಲ್ಲಿ ಅದು ಆ ಭೂಖಂಡದ ಸಿರಿವಂತ ಬಂದರುಗಳಲ್ಲಿ ಒಂದಾಯಿತು. ವಸಂತದಲ್ಲಿ ಅಜೇಲಿಯಾ ಹೂಗಳು ಬಿರಿಯುವಾಗ, ಅಥವಾ ಬೇಸಿಗೆಯ ಧಗೆಯೂ ಚಂಡಮಾರುತದ ಭಯವೂ ಇಳಿದ ಶರತ್ಕಾಲದಲ್ಲಿ, ಹಳೆಯ ಬೀದಿಗಳಲ್ಲಿ ಅಡ್ಡಾಡಲು, ಸಂಗೀತ ಕೇಳಲು, ಕಡಲ ಊಟ ಉಣ್ಣಲು ದೂರದೂರುಗಳಿಂದ ಜನ ಇಲ್ಲಿಗೆ ಬರುತ್ತಾರೆ. ಈ ಊರಿನ ಚೆಲುವು ನಿಜವಾದದ್ದು; ಅದು ಯಾರ ದುಡಿಮೆಯಿಂದ ಬಂದಿತೆಂಬುದು ಅಷ್ಟೇ ನಿಜವಾದದ್ದು. ಇವೆರಡನ್ನೂ ಒಟ್ಟಿಗೆ ನೋಡಲು ಬಿಡುವು ಮಾಡಿಕೊಂಡವರಿಗೆ ಮಾತ್ರ ಚಾರ್ಲ್ಸ್‌ಟನ್ ಪೂರ್ತಿಯಾಗಿ ದಕ್ಕುತ್ತದೆ.

ಊರಿನ ಮನೆಗಳಿಂದಲೇ ನೋಟವನ್ನು ಆರಂಭಿಸಬಹುದು. ಇಲ್ಲಿಯ ವಿಶಿಷ್ಟ ಗೃಹಮಾದರಿಗೆ ‘ಸಿಂಗಲ್ ಹೌಸ್’ ಎಂದು ಹೆಸರು. ಬೀದಿಗೆ ಮುಖಮಾಡಿದ ಪಾರ್ಶ್ವದಲ್ಲಿ ಒಂದೇ ಕೋಣೆಯಷ್ಟು ಅಗಲವಿದ್ದು, ಉದ್ದವೆಲ್ಲ ನಿವೇಶನದ ಒಳಕ್ಕೆ ಸಾಗುವ ಮನೆಯಿದು. ಉದ್ದನೆಯ ಪಕ್ಕಕ್ಕೆ, ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಅಂತಸ್ತಿಗೊಂದರಂತೆ ಕಂಬಗಳ ಪಡಸಾಲೆ ಇರುತ್ತದೆ. ಅದನ್ನು ಊರಿನವರು ‘ಪಿಯಾಜಾ’ ಎನ್ನುತ್ತಾರೆ. ಕಡಲ ಗಾಳಿಯನ್ನು ಕೋಣೆಗಳಿಗೆ ಹಾಯಿಸಿ, ಬಿಸಿಲನ್ನು ಗೋಡೆಗೆ ತಾಗದಂತೆ ತಡೆಯುವುದು ಈ ಪಡಸಾಲೆಯ ಕೆಲಸ. ಬೀದಿಯ ಕಡೆಗಿರುವ ಬಾಗಿಲನ್ನು ತೆರೆದರೆ ಮನೆಯ ಒಳಗಲ್ಲ, ಈ ಪಡಸಾಲೆಗೆ ಕಾಲಿಟ್ಟಂತಾಗುತ್ತದೆ. ಪಕ್ಕದ ಮನೆಯ ಪಡಸಾಲೆಯತ್ತ ತಿರುಗಿದ ಉತ್ತರದ ಗೋಡೆಗೆ ಕಿಟಕಿಗಳು ಕಡಿಮೆ. ನೆರೆಯವರ ಏಕಾಂತಕ್ಕೆ ಕೊಟ್ಟ ಗೌರವ ಇಲ್ಲಿ ವಾಸ್ತುವಿನ ನಿಯಮವೇ ಆಗಿದೆ. ಹಲವು ಗೋಡೆಗಳ ಮೇಲೆ ಕಾಣುವ ಕಬ್ಬಿಣದ ಬಿಲ್ಲೆಗಳು 1886ರ ಆಗಸ್ಟ್ 31ರ ರಾತ್ರಿ ಊರನ್ನು ನಡುಗಿಸಿದ ಭೂಕಂಪದ ಗುರುತುಗಳು. ಬಿರುಕು ಬಿಟ್ಟ ಗೋಡೆಗಳನ್ನು ಮನೆಯ ಅಡ್ಡಕ್ಕೆ ಹಾಯಿಸಿದ ಕಬ್ಬಿಣದ ಸರಳುಗಳಿಂದ ಬಿಗಿದು, ತುದಿಗಳಿಗೆ ಹೊರಗಿನಿಂದ ಈ ಬಿಲ್ಲೆಗಳನ್ನು ತಿರುಪಿ ಕೂರಿಸಿದ್ದಾರೆ.

ಗಾರೆ ಉದುರಿದ ಗೋಡೆಗಳ ಬಳಿ ಇನ್ನಷ್ಟು ಹತ್ತಿರ ಹೋಗಿ ನಿಂತರೆ, ಕೆಲವು ಇಟ್ಟಿಗೆಗಳ ಮೈಯಲ್ಲಿ ಬೆರಳಚ್ಚುಗಳು ಕಾಣುತ್ತವೆ. ಕೂಪರ್ ಮತ್ತು ವಾಂಡೊ ನದಿಗಳ ದಂಡೆಯ ಇಟ್ಟಿಗೆ ಗೂಡುಗಳಲ್ಲಿ ಗುಲಾಮರಾಗಿದ್ದ ಆಫ್ರಿಕನ್ ಮೂಲದವರು ಜೇಡಿಮಣ್ಣನ್ನು ತುಳಿದು, ಅಚ್ಚಿಗೆ ತುಂಬಿ, ಬಿಸಿಲಿಗೆ ಒಡ್ಡುತ್ತಿದ್ದರು. ಹಸಿ ಇಟ್ಟಿಗೆಗಳನ್ನು ಮಗುಚಿ ಹಾಕುವ ಕೆಲಸ ಎಷ್ಟೋ ವೇಳೆ ಮಕ್ಕಳದಾಗಿರುತ್ತಿತ್ತು. ಆ ಬೆರಳುಗಳು ಒತ್ತಿದ ಗುಳಿಗಳು ಸುಟ್ಟು ಗಟ್ಟಿಯಾಗಿ ಎರಡು ಶತಮಾನ ದಾಟಿ ಉಳಿದಿವೆ. ಅವುಗಳಲ್ಲಿ ಕೆಲವು ಎಷ್ಟು ಚಿಕ್ಕವೆಂದರೆ ದೊಡ್ಡವರ ಕಿರುಬೆರಳು ಸಹ ಅವುಗಳಲ್ಲಿ ಕೂರುವುದಿಲ್ಲ. ಹೆಸರು ಬರೆದಿಡಲು ಅವಕಾಶವಿಲ್ಲದಿದ್ದ ಜನರ ದಾಖಲೆಯಾಗಿ ನಗರದಲ್ಲಿ ಇದಕ್ಕಿಂತ ನೇರವಾದದ್ದು ಬೇರೊಂದಿಲ್ಲ.

ಈ ಮನೆಗಳನ್ನು ಕಟ್ಟಿಸಿದ ಹಣ ಬಂದದ್ದು ಮುಖ್ಯವಾಗಿ ಅಕ್ಕಿಯಿಂದ. ಕರಾವಳಿಯ ಜೌಗುನೆಲಕ್ಕೆ ಏರಿ ಹಾಕಿ, ಉಬ್ಬರದ ಒತ್ತಡದಿಂದ ಮೇಲೇರುವ ನದಿಯ ಸಿಹಿನೀರನ್ನು ಮರದ ತೂಬುಗಳ ಮೂಲಕ ಗದ್ದೆಗೆ ಹಾಯಿಸಿ, ಇಳಿತದ ಹೊತ್ತಿಗೆ ಬಸಿದುಬಿಡುವ ಬೇಸಾಯ ಇಲ್ಲಿ ನೆಲೆಗೊಂಡಿತು. ಭತ್ತದ ಬೇಸಾಯವನ್ನು ತಲೆಮಾರುಗಳಿಂದ ಬಲ್ಲ ಪಶ್ಚಿಮ ಆಫ್ರಿಕದ ಜನರನ್ನು ತೋಟಗಳ ಒಡೆಯರು ಗುಲಾಮರಾಗಿ ಕೊಂಡರು. ಅವರ ಮೈಯ ಶಕ್ತಿಯೊಡನೆ ಅವರ ತಿಳಿವಳಿಕೆಯನ್ನೂ ದೋಚಿದರು. ‘ಕೆರೊಲಿನಾ ಗೋಲ್ಡ್’ ಎಂಬ ಹೊಂಬಣ್ಣದ ಭತ್ತವು ಹೀಗೆ ಪ್ರಸಿದ್ಧವಾಯಿತು. ಅಕ್ಕಿಯ ಜೊತೆಗೆ ಸಿರಿ ತಂದ ಇನ್ನೊಂದು ಬೆಳೆ ನೀಲಿ. 1740ರ ದಶಕದಲ್ಲಿ ಎಲೈಜಾ ಲೂಕಸ್ ಎಂಬ ತರುಣಿಯ ಪ್ರಯೋಗಗಳಿಂದ ಅದು ಇಲ್ಲಿ ಬೇರೂರಿತು, ಅದಕ್ಕೂ ದುಡಿದವರು ಗುಲಾಮರೇ. ಅಮೆರಿಕ ಸ್ವತಂತ್ರವಾದ ಮೇಲೆ ಬ್ರಿಟನ್ನಿನ ಪ್ರೋತ್ಸಾಹಧನ ನಿಂತು ಕೆರೊಲಿನಾದ ನೀಲಿ ಕುಸಿಯಿತು, ಈಸ್ಟ್ ಇಂಡಿಯಾ ಕಂಪನಿಯ ಕಣ್ಣು ಬಂಗಾಳದ ಹೊಲಗಳತ್ತ ಹೊರಳಿತು. 1859ರಲ್ಲಿ ನೀಲಿ ತೋಟದ ಒಡೆಯರ ವಿರುದ್ಧ ದಂಗೆಯೆದ್ದ ಬಂಗಾಳದ ರೈತರ ಕಷ್ಟಕ್ಕೂ ಈ ಕರಾವಳಿಗೂ ಹೀಗೊಂದು ನಂಟಿದೆ.

ಅಕ್ಕಿಯ ಕಾಲ ಇಪ್ಪತ್ತನೆಯ ಶತಮಾನದ ಆರಂಭಕ್ಕೆ ಮುಗಿದರೂ ಅದರ ಒಂದು ಕುಶಲಕಲೆ ನಗರದ ಮಾರುಕಟ್ಟೆಯಲ್ಲಿ ಇಂದಿಗೂ ಜೀವಂತವಾಗಿದೆ. ಆಫ್ರಿಕದಿಂದ ಬಂದವರ ವಂಶಸ್ಥರಾಗಿ, ಈ ಕರಾವಳಿಯಲ್ಲಿಯೂ ಇದರ ದ್ವೀಪಗಳಲ್ಲಿಯೂ ತಮ್ಮದೇ ನುಡಿ, ಹಾಡು, ಅಡುಗೆಗಳನ್ನು ಉಳಿಸಿಕೊಂಡು ಬಂದಿರುವ ಗಲ್ಲಾ ಸಮುದಾಯದ ಹೆಂಗಸರು ಅಲ್ಲಿ ಹುಲ್ಲಿನ ಬುಟ್ಟಿಗಳನ್ನು ಹೆಣೆಯುತ್ತ ಕೂತಿರುತ್ತಾರೆ. ‘ಸ್ವೀಟ್‌ಗ್ರಾಸ್’ ಎಂಬ ಸುವಾಸನೆಯ ಹುಲ್ಲಿನ ಎಳೆಗಳನ್ನು ಹಿಡಿಯಾಗಿ ಜೋಡಿಸಿ, ನಡುನಡುವೆ ಪೈನ್ ಮರದ ಕಂದು ಸೂಜಿಯೆಲೆಗಳನ್ನು ಸೇರಿಸಿ, ಸುರುಳಿಯಾಗಿ ಸುತ್ತುತ್ತ, ಒಂದೊಂದು ಸುತ್ತನ್ನೂ ಪಾಲ್ಮೆಟೊ ತಾಳೆಯ ಗರಿಯ ಸೀಳಿನಿಂದ ಹಿಂದಿನ ಸುತ್ತಿಗೆ ಹೊಲಿಯುವುದು ಅವರ ಕ್ರಮ. ಸೂಜಿಯ ಬದಲಿಗೆ ಅವರ ಕೈಯಲ್ಲಿರುವುದು ಬಟ್ಟಲಿನಂಥ ತುದಿಯನ್ನು ಮುರಿದು ತೆಗೆದು, ಹಿಡಿಯನ್ನು ಉಜ್ಜಿ ಚೂಪಾಗಿಸಿದ ಹಳೆಯ ಚಮಚ. ಅದರಿಂದ ಹುಲ್ಲಿನಲ್ಲಿ ದಾರಿ ಬಿಡಿಸಿ ಗರಿಯನ್ನು ಎಳೆಯುತ್ತಾರೆ. ಈ ಬುಟ್ಟಿಗಳಲ್ಲಿ ಅಗಲವಾದ, ಚಪ್ಪಟೆಯಾದ ಒಂದು ಬಗೆ ಮೂಲತಃ ಭತ್ತ ಕೇರುವ ಸಾಧನ. ನಮ್ಮ ಮೊರ ಮಾಡುವ ಕೆಲಸವನ್ನೇ ಅದು ಕೆರೊಲಿನಾದ ಕಣಗಳಲ್ಲಿ ಮಾಡುತ್ತಿತ್ತು. ನದಿಯಾಚೆಯ ಮೌಂಟ್ ಪ್ಲೆಸೆಂಟ್ ಪ್ರದೇಶದಲ್ಲಿ ಮನೆ-ಬಡಾವಣೆಗಳು ಹಬ್ಬಿದಂತೆ ಈ ಹುಲ್ಲು ಸಿಗುವ ತಾಣಗಳು ಕಿರಿದಾಗಿವೆ, ಹುಲ್ಲಿಗಾಗಿ ಈಗ ದೂರ ಹೋಗಬೇಕಾಗಿದೆ. ಬುಟ್ಟಿಯ ಬೆಲೆ ಹೆಚ್ಚೆಂದು ತೋರಿದವರು ಹೊಲಿಗೆಯ ಒಂದು ಸುತ್ತು ಪೂರ್ತಿಯಾಗುವವರೆಗೆ ನಿಂತು ನೋಡಿದರೆ ಆ ಬೆಲೆಯ ನ್ಯಾಯ ತಾನೇ ಮನದಟ್ಟಾಗುತ್ತದೆ.

ಬಂದರಿನ ಕಡೆಗೆ ನಡೆದರೆ ಚರಿತ್ರೆ ಇನ್ನೂ ಗಾಢವಾಗುತ್ತದೆ. ಉತ್ತರ ಅಮೆರಿಕಕ್ಕೆ ಗುಲಾಮರಾಗಿ ಸಾಗಿಸಲಾದ ಆಫ್ರಿಕನ್ನರಲ್ಲಿ ಅತಿ ಹೆಚ್ಚು ಮಂದಿಯನ್ನು ಇಳಿಸಿದ್ದು ಈ ಬಂದರಿನಲ್ಲಿ. 1808ರಲ್ಲಿ ಹೊರದೇಶಗಳಿಂದ ಗುಲಾಮರನ್ನು ತರುವುದಕ್ಕೆ ನಿಷೇಧ ಬರುವುದಕ್ಕೆ ಮೊದಲಿನ ಕೊನೆಯ ವರ್ಷಗಳಲ್ಲಿ ಅಂಥ ಹಡಗುಗಳು ಗ್ಯಾಡ್ಸ್‌ಡೆನ್ ಧಕ್ಕೆಗೆ ಬರುತ್ತಿದ್ದವು. ಅದೇ ಧಕ್ಕೆಯ ನೆಲದಲ್ಲಿ 2023ರ ಜೂನ್‌ನಲ್ಲಿ ಅಂತರರಾಷ್ಟ್ರೀಯ ಆಫ್ರಿಕನ್ ಅಮೆರಿಕನ್ ವಸ್ತುಸಂಗ್ರಹಾಲಯ ತೆರೆಯಿತು. ಆ ನೆಲವನ್ನು ಮುಚ್ಚಬಾರದೆಂದು ಕಟ್ಟಡವನ್ನು 18 ಕಂಬಗಳ ಮೇಲೆ ಎತ್ತಿ ನಿಲ್ಲಿಸಿದ್ದಾರೆ. ಕೆಳಗಿನ ಸ್ಮಾರಕ ತೋಟದ ತೆಳು ನೀರಿನ ಕೊಳದಲ್ಲಿ ಹಡಗಿನ ತಳದಲ್ಲಿ ಒತ್ತಿಡಲಾಗಿದ್ದ ಮನುಷ್ಯರ ಆಕೃತಿಗಳನ್ನು ನೆಲಹಾಸಿನಲ್ಲಿ ಮೂಡಿಸಲಾಗಿದೆ. ನೀರು ಏರಿದಾಗ ಅವು ಮುಳುಗುತ್ತವೆ, ಇಳಿದಾಗ ಮತ್ತೆ ಕಾಣಿಸಿಕೊಳ್ಳುತ್ತವೆ. ಇದೇ ಬಂದರಿನ ಬಾಯಲ್ಲಿರುವ ಫೋರ್ಟ್ ಸಮ್ಟರ್ ಕೋಟೆಯ ಮೇಲೆ 1861ರ ಏಪ್ರಿಲ್ 12ರಂದು ಹಾರಿದ ಗುಂಡುಗಳಿಂದ ಅಮೆರಿಕದ ಅಂತರ್ಯುದ್ಧ ಮೊದಲಾಯಿತು. ಮರುವರ್ಷದ ಮೇ ತಿಂಗಳಲ್ಲಿ, ಗುಲಾಮನಾಗಿದ್ದ ನಾವಿಕ ರಾಬರ್ಟ್ ಸ್ಮಾಲ್ಸ್, ನಾಯಕರು ದಡದಲ್ಲಿ ಮಲಗಿದ್ದ ರಾತ್ರಿ ‘ಪ್ಲಾಂಟರ್’ ಎಂಬ ಹಡಗನ್ನು ತನ್ನ ಕುಟುಂಬ ಮತ್ತು ಸಂಗಡಿಗರೊಂದಿಗೆ ಈ ಕೋಟೆಯ ಎದುರೇ ನಡೆಸಿಕೊಂಡು ಹೋಗಿ, ಉತ್ತರದ ರಾಜ್ಯಗಳ ನೌಕಾಪಡೆಗೆ ಒಪ್ಪಿಸಿ ಬಿಡುಗಡೆ ಪಡೆದನು; ಮುಂದೆ ಆತ ದೇಶದ ಸಂಸತ್ತಿನ ಸದಸ್ಯನೂ ಆದನು. ದೋಣಿಯಲ್ಲಿ ಕೋಟೆಗೆ ಹೋಗುವವರು ಆತ ಸಾಗಿದ ನೀರಿನ ಮೇಲೆಯೇ ಸಾಗುತ್ತಾರೆ.

ಕಲೆಯ ಸೊಗಸನ್ನು ಬಯಸಿ ಬಂದವರಿಗೆ ಮೇ ಕೊನೆಯಿಂದ ಜೂನ್ ಮೊದಲ ಭಾಗದವರೆಗೆ 17 ದಿನ ನಡೆಯುವ ಸ್ಪೊಲೆಟೊ ಉತ್ಸವ ಕಾದಿರುತ್ತದೆ. ಸಂಯೋಜಕ ಜಾನ್ ಕಾರ್ಲೊ ಮೆನೊಟ್ಟಿ 1977ರಲ್ಲಿ ಇಲ್ಲಿ ಆರಂಭಿಸಿದ ಈ ಉತ್ಸವದಲ್ಲಿ ಸಂಗೀತ, ನಾಟಕ, ನೃತ್ಯಗಳು ಹಳೆಯ ರಂಗಮಂದಿರಗಳಲ್ಲಿಯೂ ಚರ್ಚುಗಳಲ್ಲಿಯೂ ನಡೆಯುತ್ತವೆ. ಈ ಊರಿನ ಕರಿಯರ ಕೇರಿಯ ಬದುಕನ್ನು ಆಧರಿಸಿ ಜಾರ್ಜ್ ಗರ್ಶ್‌ವಿನ್ ರಚಿಸಿದ ‘ಪೋರ್ಗಿ ಅಂಡ್ ಬೆಸ್’ ಎಂಬ ಒಪೆರಾ, ಎಂದರೆ ಸಂಭಾಷಣೆಯೂ ಹಾಡಿನಲ್ಲೇ ಸಾಗುವ ನಾಟಕ, ನ್ಯೂಯಾರ್ಕಿನಲ್ಲಿ 1935ರಲ್ಲೇ ರಂಗಕ್ಕೆ ಬಂದಿದ್ದರೂ, ವರ್ಣಭೇದದ ಕಟ್ಟಳೆಗಳಿಂದಾಗಿ ಚಾರ್ಲ್ಸ್‌ಟನ್ನಿನಲ್ಲಿ ಅದರ ಪ್ರದರ್ಶನಕ್ಕೆ 1970ರವರೆಗೆ ಕಾಯಬೇಕಾಯಿತು. 2022ರ ಸ್ಪೊಲೆಟೊ ಉತ್ಸವದಲ್ಲಿ ಮೊದಲ ಬಾರಿಗೆ ಪ್ರದರ್ಶಿತವಾದ ‘ಒಮರ್’ ಎಂಬ ಒಪೆರಾದ ನಾಯಕ ಒಮರ್ ಇಬ್ನ್ ಸಯೀದ್. 1807ರಲ್ಲಿ ಸೆನೆಗಲ್ ಸೀಮೆಯಿಂದ ಈ ಬಂದರಿಗೆ ತಂದು ಮಾರಲಾದ ವಿದ್ವಾಂಸನೀತ, ತನ್ನ ಜೀವನವನ್ನು 1831ರಲ್ಲಿ ಅರಬ್ಬಿ ಭಾಷೆಯಲ್ಲಿ ಬರೆದಿಟ್ಟವನು. ರಿಯಾನನ್ ಗಿಡೆನ್ಸ್ ಮತ್ತು ಮೈಕಲ್ ಏಬಲ್ಸ್ ರಚಿಸಿದ ಈ ಕೃತಿಗೆ 2023ರ ಪುಲಿಟ್ಜರ್ ಸಂಗೀತ ಪ್ರಶಸ್ತಿ ಸಂದಿತು. ಆತನನ್ನು ಸರಕಾಗಿ ಎಣಿಸಿದ ಊರಿನಲ್ಲಿಯೇ ಆತನ ಕಥೆ ಹಾಡಾದದ್ದು ಕಲೆಯು ಚರಿತ್ರೆಗೆ ಸಲ್ಲಿಸಬಹುದಾದ ದೊಡ್ಡ ಸೇವೆ.

ಊಟದ ಎಲೆಯ ಮೇಲೆಯೂ ಇದೇ ಚರಿತ್ರೆ ಬಡಿಸಲ್ಪಡುತ್ತದೆ. ಮೆಕ್ಕೆಜೋಳದ ನುಚ್ಚನ್ನು ಮೆತ್ತಗೆ ಬೇಯಿಸಿದ ‘ಗ್ರಿಟ್ಸ್’ ಮೇಲೆ ಸಿಗಡಿ ಹಾಕಿ ಬಡಿಸುವ ತಿನಿಸು, ಹೆಣ್ಣೇಡಿಯ ತತ್ತಿ ಸೇರಿಸಿ ಮಾಡುವ ಗಟ್ಟಿ ಸಾರು, ಟೊಮೆಟೊ ಹಾಕಿ ಕೆಂಪಗೆ ಮಾಡುವ ಅನ್ನ, ಅಲಸಂದೆಯ ಜಾತಿಯ ಕಾಳಿನೊಡನೆ ಅಕ್ಕಿಯನ್ನು ಬೇಯಿಸಿ ಹೊಸವರ್ಷದ ದಿನ ಶುಭವೆಂದು ಉಣ್ಣುವ ‘ಹಾಪಿನ್ ಜಾನ್’, ಇವುಗಳಲ್ಲಿ ಹಲವು ಪಶ್ಚಿಮ ಆಫ್ರಿಕದ ಒಲೆಗಳ ನೆನಪನ್ನು ಹೊತ್ತು ಬಂದವು. ಅಕ್ಕಿಯನ್ನೇ ಊಟದ ನಡುವಿಟ್ಟುಕೊಂಡ ಕನ್ನಡಿಗರಿಗೆ ಈ ಅಡುಗೆ ಬೇಗ ಒಗ್ಗುತ್ತದೆ.

ಹಳೆಯದನ್ನು ಕಾಪಾಡುವುದರಲ್ಲಿ ಚಾರ್ಲ್ಸ್‌ಟನ್ ದೇಶಕ್ಕೇ ದಾರಿ ತೋರಿಸಿತು. ಸೂಸನ್ ಪ್ರಿಂಗಲ್ ಫ್ರಾಸ್ಟ್ ಅವರ ಮುಂದಾಳುತನದಲ್ಲಿ 1920ರಲ್ಲಿ ಹಳೆಯ ಮನೆಗಳ ರಕ್ಷಣೆಗೆಂದು ಸಂಘವೊಂದು ಹುಟ್ಟಿತು. 1931ರಲ್ಲಿ ನಗರವು ಐತಿಹಾಸಿಕ ವಲಯವೊಂದನ್ನು ಗುರುತಿಸಿ ಕಾನೂನು ಮಾಡಿತು, ಅಮೆರಿಕದಲ್ಲಿ ಇಂಥ ವಲಯ ಅದೇ ಮೊದಲನೆಯದು. ಈಸ್ಟ್ ಬೇ ಬೀದಿಯಲ್ಲಿ ಸಾಲಾಗಿ ನಿಂತು, ತಿಳಿ ಗುಲಾಬಿ, ಹಳದಿ, ನೀಲಿ, ಹಸುರು ಬಣ್ಣಗಳಿಂದ ‘ರೇನ್‌ಬೋ ರೋ’ ಎಂದು ಹೆಸರಾದ 13 ಮನೆಗಳು ಆ ದಿನಗಳಲ್ಲಿಯೇ ಪಾಳು ಸ್ಥಿತಿಯಿಂದ ಎದ್ದು ನಿಂತವು. ಆದರೆ ಮನೆಗಳು ದುರಸ್ತಿಯಾದಂತೆ ಅವುಗಳಲ್ಲಿ ಬಾಡಿಗೆಗಿದ್ದ ಕರಿಯ ಕುಟುಂಬಗಳು ಅಲ್ಲಿಂದ ಹೊರನಡೆಯಬೇಕಾಯಿತು. ಊರಿನ ಗೇಟುಗಳಿಗೆ ಕಬ್ಬಿಣದಲ್ಲಿ ಬಳ್ಳಿ, ಹಕ್ಕಿ, ಹೃದಯಗಳ ವಿನ್ಯಾಸ ಬಿಡಿಸಿದ ಕಮ್ಮಾರ ಫಿಲಿಪ್ ಸಿಮನ್ಸ್ ಗುಲಾಮನಾಗಿ ಹುಟ್ಟಿದ ಗುರುವಿನಿಂದ ಬಾಲ್ಯದಲ್ಲೇ ಕಸುಬು ಕಲಿತವರು. ಅವರಿಗೆ ರಾಷ್ಟ್ರೀಯ ಗೌರವ ಸಂದದ್ದು 1982ರಲ್ಲಿ, 70ನೆಯ ವಯಸ್ಸಿನಲ್ಲಿ. ಊರಿನ ಪಶ್ಚಾತ್ತಾಪ ಇನ್ನೂ ತಡವಾಗಿ ಬಂದಿತು. 2015ರ ಜೂನ್ 17ರಂದು ಮದರ್ ಇಮ್ಯಾನ್ಯುಯೆಲ್ ಚರ್ಚಿನಲ್ಲಿ ಬೈಬಲ್ ಅಧ್ಯಯನಕ್ಕೆ ಸೇರಿದ್ದ ಒಂಬತ್ತು ಮಂದಿಯನ್ನು ಬಿಳಿಯ ಜನಾಂಗದ್ವೇಷಿಯೊಬ್ಬ ಕೊಂದ ಮೂರು ವರ್ಷಗಳ ಮೇಲೆ, 2018ರಲ್ಲಿ, ಗುಲಾಮಗಿರಿಯಲ್ಲಿ ತಾನು ವಹಿಸಿದ ಪಾತ್ರಕ್ಕಾಗಿ ನಗರಸಭೆಯು ವಿಧಿವತ್ತಾಗಿ ಕ್ಷಮೆ ಕೋರಿತು.

ಗೋಡೆಗಳನ್ನು ಕಾಪಾಡುವ ಕಾನೂನಿಗೂ ಆ ಗೋಡೆಗಳನ್ನು ಕಟ್ಟಿದವರಲ್ಲಿ ಕೇಳಿದ ಕ್ಷಮೆಗೂ ನಡುವೆ 87 ವರ್ಷಗಳ ಅಂತರವಿದೆ. ಊರು ಇಷ್ಟು ನಿಧಾನವಾಗಿ ದಾಟಿದ ಈ ಅಂತರವನ್ನು ಪ್ರವಾಸಿಯು ತನ್ನ ನಡಿಗೆಯಲ್ಲಿ ಮತ್ತೆ ಹಿಗ್ಗಿಸಬಾರದು. ಬಣ್ಣದ ಮನೆಗಳನ್ನೂ ಗ್ಯಾಡ್ಸ್‌ಡೆನ್ ಧಕ್ಕೆಯನ್ನೂ ಒಂದೇ ದಿನದಲ್ಲಿ ನೋಡಬಹುದು, ಹಾಗೆ ನೋಡಿದಾಗ ಪಿಯಾಜಾದ ತಂಗಾಳಿಯ ಹಿತವೇನೂ ಕಡಿಮೆಯಾಗುವುದಿಲ್ಲ. ಆ ಹಿತಕ್ಕಾಗಿ ದುಡಿದವರ ಋಣವೂ ಅದರೊಡನೆ ನೆನಪಿಗೆ ಬರುತ್ತದೆ. ಈಗ ಉಬ್ಬರದ ದಿನಗಳಲ್ಲಿ ಮಳೆಯಿಲ್ಲದಿದ್ದರೂ ಕಡಲ ನೀರು ಇಲ್ಲಿಯ ತಗ್ಗಿನ ಬೀದಿಗಳಿಗೆ ನುಗ್ಗುತ್ತಿದೆ, ಕೆಲವರು ಮನೆಗಳನ್ನೇ ಎತ್ತರಿಸಿಕೊಳ್ಳುತ್ತಿದ್ದಾರೆ. ಯಾವುದನ್ನು ಉಳಿಸಿಕೊಳ್ಳಬೇಕು, ಯಾರಿಗಾಗಿ ಉಳಿಸಿಕೊಳ್ಳಬೇಕು ಎಂಬ ಪ್ರಶ್ನೆ ಊರಿನ ಮುಂದೆ ಮತ್ತೊಮ್ಮೆ ಬಂದಿದೆ. ಈ ಬಾರಿಯ ಉತ್ತರದಲ್ಲಿ ಮನೆಗಳ ಜೊತೆಗೆ ಹುಲ್ಲು ಹೊಲಿಯುವ ಕೈಗಳಿಗೂ ಸ್ಥಳವಿರಬೇಕೆಂದು ಬಯಸುವುದು ಈ ಊರನ್ನು ಪ್ರೀತಿಸುವ ಪ್ರತಿಯೊಬ್ಬರಿಗೂ ಸಲ್ಲುವ ಹಂಬಲ.